ದೇವರ ಲೆಕ್ಕ ಬೇರೆ, ಲೆಕ್ಚರರ್ ಲೆಕ್ಕ ಬೇರೆ

ಪ್ರಶ್ನೆ: ಮೇಡಂ, ನಾನು ಮಡಿಕೇರಿಯಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಅಪ್ಪ ಕಾಫಿ ತೋಟದಲ್ಲಿ ರೈಟರ್, ತೂಕ-ಕೂಲಿಯ ಲೆಕ್ಕ ಬರೆಯೋ ಕೆಲಸ. 2018ರ ಮಳೆಯಲ್ಲಿ ನಮ್ಮ ಮನೆ ಮಣ್ಣುಪಾಲಾಯಿತು. ಆಗ ನಾನು ಏಳನೇ ಕ್ಲಾಸು. ಊರಲ್ಲಿ ಕೆಲವರು ‘ಏನೋ ದೋಷ ಇರಬೇಕು, ಸುಮ್ನೆ ಹಾಗೆಲ್ಲ ಆಗಲ್ಲ’ ಅಂದಿದ್ದು ಇನ್ನೂ ನೆನಪಿದೆ. ಅಜ್ಜಿ ಮಾತ್ರ ‘ದೇವರು ನೋಡ್ತಾ ಇದ್ದಾನೆ, ಕಷ್ಟಪಟ್ಟವರಿಗೆ ಅನ್ಯಾಯ ಮಾಡಲ್ಲ’ ಅಂತ ಹೇಳುತ್ತಲೇ ಬಂದರು. ನಾನೂ ನಂಬಿದ್ದೆ. ದಿನಾ ದೀಪ ಹಚ್ಚಿಯೇ ಓದೋಕೆ ಕೂರುತ್ತಿದ್ದೆ. ಈ ಸಲ ಇಂಟರ್ನಲ್ಸ್‌ನಲ್ಲಿ ನನಗೆ 20ಕ್ಕೆ 11 ಬಂತು. ನನ್ನ ನೋಟ್ಸ್ ಓದಿಕೊಂಡೇ ಬರೆದವಳಿಗೆ 17. ಲೆಕ್ಚರರ್‌ನ ಕೇಳಿದರೆ ‘ಅಷ್ಟೇ ಬಂದಿರೋದು’ ಅಂದರು. ಅವತ್ತಿನಿಂದ ದೀಪ ಹಚ್ಚೋಕೂ ಮನಸ್ಸಿಲ್ಲ, ಓದೋಕೂ ಮನಸ್ಸಿಲ್ಲ. ನನ್ನ ರೂಮ್‌ಮೇಟ್‌ಗೆ ದೇವರು ದಿಂಡರು ಯಾವುದೂ ಇಲ್ಲ. ಅವಳು ಆರಾಮಾಗಿದ್ದಾಳೆ. ದೇವರನ್ನ ನಂಬೋರು, ಲೋಕದಲ್ಲಿ ನ್ಯಾಯ ಇದೆ ಅನ್ನೋರು ಜಾಸ್ತಿ ನೆಮ್ಮದಿಯಾಗಿರ್ತಾರೆ ಅಂತ ಎಲ್ಲೋ ಓದಿದೆ. ಹಾಗಾದರೆ ನನ್ನ ನಂಬಿಕೆ ಕಮ್ಮಿ ಆಗಿದ್ದಕ್ಕೇ ಹೀಗಾಗ್ತಿದೆಯಾ? ನಂಬಿಕೆ ಜಾಸ್ತಿ ಮಾಡಿಕೊಂಡರೆ ಸರಿ ಹೋಗುತ್ತಾ? ಇನ್ನೊಂದು ಮಾತು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗೋಣ ಅಂತ ಅಜ್ಜಿ ಕರೀತಿದ್ದಾರೆ. ಈ ಮನಸ್ಸಿಟ್ಟುಕೊಂಡು ಹೋದರೆ ತಪ್ಪಾ?

ಉತ್ತರ: ನಿಮ್ಮ ವಯಸ್ಸಿನ ಮಗಳು ನನ್ನ ಮನೆಯಲ್ಲೂ ಇದ್ದಾಳೆ. ಆದರೂ ‘ನೀವು’ ಅಂತಲೇ ಬರೆಯುತ್ತೇನೆ. ಇಷ್ಟು ಬಿಡಿಸಿ ಕಾಗದ ಬರೆದವರನ್ನ ಮಗುವಿನ ಹಾಗೆ ಮಾತಾಡಿಸೋಕೆ ಮನಸ್ಸು ಬರುತ್ತಿಲ್ಲ.

ನಂಬಿಕೆ ಕಮ್ಮಿ ಆಗಿದ್ದಕ್ಕೆ ನಿಮಗೆ ಹೀಗಾಗಿಲ್ಲ. ಹೀಗಾಗಿದ್ದಕ್ಕೆ ನಂಬಿಕೆ ಅಲ್ಲಾಡಿದೆ. ಎರಡೂ ಒಂದೇ ಥರ ಕೇಳಿಸುತ್ತೆ, ಆದರೆ ಮದ್ದು ಬೇರೆ ಬೇರೆ. ಮೊದಲನೆಯದಾಗಿದ್ದರೆ ದೇವಸ್ಥಾನಕ್ಕೆ ಹೋಗಿ ಅನ್ನಬಹುದಿತ್ತು. ಎರಡನೆಯದು ಆಗಿರೋದರಿಂದ ಮೊದಲು ಸ್ಟಾಫ್ ರೂಮಿಗೆ ಹೋಗಿ ಅನ್ನುತ್ತೇನೆ. ‘ದೇವರು ಕೊಟ್ಟರೂ ಪೂಜಾರಿ ಕೊಡ’ ಅಂತ ನಮ್ಮ ಹಿರಿಯರು ಸುಮ್ನೆ ಹೇಳಿಲ್ಲ. ನೀವು ಪೂಜಾರಿ ಮಾಡಿದ್ದನ್ನ ದೇವರ ಲೆಕ್ಕಕ್ಕೆ ಬರೆದುಬಿಟ್ಟಿದ್ದೀರಿ.

ನೀವು ಓದಿದ್ದು ಸುಳ್ಳಲ್ಲ. ಧರ್ಮಶ್ರದ್ಧೆಗೂ ಮನಸ್ಸಿನ ಆರೋಗ್ಯಕ್ಕೂ ನಂಟಿದೆ. ಎಷ್ಟು ಅನ್ನೋದು ಪ್ರಶ್ನೆ. 2003ರಲ್ಲಿ ಅಮೆರಿಕದ ಮೂವರು ಸಂಶೋಧಕರು 147 ಅಧ್ಯಯನಗಳನ್ನ ಒಟ್ಟು ಹಾಕಿ ಲೆಕ್ಕ ನೋಡಿದರು. ಅಷ್ಟರಲ್ಲೂ ಸೇರಿ ಸುಮಾರು 99 ಸಾವಿರ ಜನ. ಶ್ರದ್ಧೆ ಜಾಸ್ತಿ ಇದ್ದವರಲ್ಲಿ ಖಿನ್ನತೆಯ ಲಕ್ಷಣ ಕಡಿಮೆ ಅನ್ನೋದು ನಿಜವಾಯಿತು. ಆದರೆ ಆ ನಂಟಿನ ಬಲ 0.1ಕ್ಕಿಂತ ಒಂದು ಕೂದಲು ಕಡಿಮೆ. ಸಂಬಂಧವೇ ಇಲ್ಲ ಅಂದರೆ 0, ಪೂರ್ತಿ ಸಂಬಂಧ ಅಂದರೆ 1 ಅನ್ನೋ ಅಳತೆ ಅದು. ನೀವು ಬಿ.ಎಸ್ಸಿ., ನಿಮಗೆ ಗೊತ್ತಿರುತ್ತೆ, ಅದನ್ನ ಅದರಿಂದಲೇ ಗುಣಿಸಿ ನೋಡಿ. ಒಬ್ಬರ ಬೇಸರಕ್ಕೂ ಇನ್ನೊಬ್ಬರ ಬೇಸರಕ್ಕೂ ಇರೋ ವ್ಯತ್ಯಾಸದಲ್ಲಿ ನೂರಕ್ಕೆ ಒಂದು ಪಾಲೂ ಶ್ರದ್ಧೆಯ ಲೆಕ್ಕಕ್ಕೆ ಬರಲ್ಲ. ಉಳಿದ 99 ಪಾಲಿನಲ್ಲಿ ನಿದ್ದೆ, ಊಟ, ದುಡ್ಡು, ಗೆಳತಿಯರು, ಮನೆ, ಶರೀರದ ಗುಣ, ಎಲ್ಲ ಇವೆ.

ಅದೇ ಲೆಕ್ಕದಲ್ಲಿ ಇನ್ನೆರಡು ಸಂಗತಿ ಸಿಕ್ಕವು. ಕಷ್ಟದ ಹೊತ್ತಿನಲ್ಲಿ ಇರೋರಿಗೆ ಶ್ರದ್ಧೆಯ ಆಸರೆ ಸ್ವಲ್ಪ ಜಾಸ್ತಿ ಸಿಗುತ್ತೆ. ನಿಮ್ಮ ಅಜ್ಜಿಯನ್ನ ನೆನೆಸಿಕೊಳ್ಳಿ, ಇದು ಅರ್ಥವಾಗುತ್ತೆ. ಎರಡನೆಯದು, ಎಲ್ಲ ಥರದ ಶ್ರದ್ಧೆಯೂ ಒಳ್ಳೆಯದು ಮಾಡಲ್ಲ. ಕೆಲವು ಥರದ್ದು ಖಿನ್ನತೆಯನ್ನ ಹೆಚ್ಚಿಸುವ ಕಡೆಗೇ ಇದೆ. ಯಾವುದು ಅದು ಅಂತ ಆಮೇಲೆ ಹೇಳುತ್ತೇನೆ, ನಿಮ್ಮ ವಿಷಯ ಇರೋದು ಅಲ್ಲೇ.

ಅದಕ್ಕೆ ಮುಂಚೆ ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಮಾತು. ಗದ್ದೆಗೆ ಹೋಗಿ ಮೊದಲ ಕದಿರು ಕುಯ್ಯುವ ರಾತ್ರಿ ನಿಮ್ಮ ಮನೆಯವರು, ಪಕ್ಕದ ಮನೆಯವರು, ಬೆಂಗಳೂರಿಂದ ಬಂದ ಚಿಕ್ಕಪ್ಪ, ಎಲ್ಲರೂ ದೀಪ ಹಿಡಿದು ಸಾಲಾಗಿ ನಡೆಯುತ್ತಾರೆ. ‘ಪೊಲಿ ಪೊಲಿ ದೇವಾ’ ಅಂತ ಕೂಗುತ್ತಾರೆ. ಆ ರಾತ್ರಿ ಮನಸ್ಸು ತುಂಬಿರುತ್ತಲ್ಲ, ಅದು ದೇವರಿಂದಲಾ, ಜೊತೆಗಿದ್ದ ಜನರಿಂದಲಾ? ಬಿಡಿಸಿ ಹೇಳೋಕೆ ನನಗೂ ಆಗಲ್ಲ. ಅಮೆರಿಕದಲ್ಲಿ 2010ರಲ್ಲಿ ಚೇಯೂನ್ ಲಿಮ್, ರಾಬರ್ಟ್ ಪುಟ್ನಮ್ ಅನ್ನೋ ಇಬ್ಬರು ಹೆಚ್ಚೂಕಮ್ಮಿ ಇದೇ ಪ್ರಶ್ನೆಯನ್ನ ಚರ್ಚಿಗೆ ಹೋಗುವವರ ಬಗ್ಗೆ ಕೇಳಿದರು. ಪ್ರತಿವಾರ ಹೋಗುವವರು ಬದುಕಿನ ಬಗ್ಗೆ ಜಾಸ್ತಿ ತೃಪ್ತರಾಗಿದ್ದರು, ಸರಿ. ಆದರೆ ಅಲ್ಲಿ ಆಪ್ತ ಗೆಳೆಯರಿದ್ದವರಿಗೆ ಮಾತ್ರ. ತಪ್ಪದೆ ಹೋಗಿ, ಯಾರ ಗೆಳೆತನವೂ ಇಲ್ಲದೆ ಒಬ್ಬರೇ ಕೂತು ಎದ್ದು ಬರುವವರಿಗೆ ಆ ಲಾಭ ಕಾಣಲಿಲ್ಲ.

ಈಗ ಹಾಸ್ಟೆಲ್ ನೋಡಿ. ನೀವು ದಿನಾ ದೀಪ ಹಚ್ಚುತ್ತಿದ್ದಿರಿ. ಒಬ್ಬರೇ. ಯಾರ ಜೊತೆಗೂ ಮಾತಿಲ್ಲ, ಹಾಡಿಲ್ಲ, ಪ್ರಸಾದ ಹಂಚುವುದಿಲ್ಲ. ಊರಲ್ಲಿ ನಿಮ್ಮನ್ನ ಹಿಡಿದಿದ್ದ ಹಗ್ಗದ ಒಂದು ಎಳೆ ಮಾತ್ರ ಮಡಿಕೇರಿಗೆ ಬಂದಿದೆ. ಅಷ್ಟು ಭಾರವನ್ನ ಅದೊಂದೇ ತಡೆಯಬೇಕಿತ್ತು. ತಡೆಯಲಿಲ್ಲ ಅಂದರೆ ಎಳೆಯನ್ನ ಬೈಯುವುದು ನ್ಯಾಯ ಅಲ್ಲ.

ಆಮೇಲೆ ಹೇಳುತ್ತೇನೆ ಅಂದ ವಿಷಯಕ್ಕೆ ಬರೋಣ. ಕಷ್ಟ ಬಂದಾಗ ಜನ ಧರ್ಮವನ್ನ ಹೇಗೆ ಬಳಸಿಕೊಳ್ಳುತ್ತಾರೆ ಅನ್ನೋದನ್ನ ಕೆನೆತ್ ಪಾರ್ಗಮೆಂಟ್ ಅನ್ನೋ ಮನಶ್ಶಾಸ್ತ್ರಜ್ಞರು ಬಹಳ ವರ್ಷ ಅಭ್ಯಾಸ ಮಾಡಿದರು. 1998ರಲ್ಲಿ ಅವರ ತಂಡ 14 ಪ್ರಶ್ನೆಗಳ ಒಂದು ಚಿಕ್ಕ ಪಟ್ಟಿ ಮಾಡಿತು. ಏಳು ಒಂದು ಕಡೆ, ಏಳು ಇನ್ನೊಂದು ಕಡೆ. ಒಂದು ಕಡೆಯವರು ದೇವರನ್ನ ಜೊತೆಗಾರನ ಹಾಗೆ ಕಾಣುತ್ತಾರೆ: ಕಷ್ಟ ಬಂದಿದೆ, ನೀನು ಜೊತೆಗಿರು, ನಾನು ನನ್ನ ಕೈಲಾದದ್ದು ಮಾಡುತ್ತೇನೆ. ಇನ್ನೊಂದು ಕಡೆಯವರಿಗೆ ದೇವರು ಅಂದರೆ ಮೇಲೆ ಕೂತ ಜಡ್ಜ್: ನನಗೆ ಶಿಕ್ಷೆ ಕೊಟ್ಟಿದ್ದಾನೆ, ನನ್ನನ್ನ ಕೈಬಿಟ್ಟಿದ್ದಾನೆ, ನನ್ನ ಭಕ್ತಿಯಲ್ಲೇ ಏನೋ ಕೊರತೆ ಇರಬೇಕು. ಮೊದಲನೆಯವರಿಗೆ ಶ್ರದ್ಧೆ ಆಸರೆಯಾಗುತ್ತೆ. ಎರಡನೆಯವರಿಗೆ ಇರೋ ಕಷ್ಟದ ಮೇಲೆ ಇನ್ನೊಂದು ಮೂಟೆ.

ನಿಮ್ಮ ಕಾಗದವನ್ನ ಮತ್ತೊಮ್ಮೆ ಓದಿ. ‘ನನ್ನ ನಂಬಿಕೆ ಕಮ್ಮಿ ಆಗಿದ್ದಕ್ಕೇ ಹೀಗಾಗ್ತಿದೆಯಾ’ ಅಂತ ಕೇಳಿದ್ದೀರಿ. ಅದು ಎರಡನೇ ಕಡೆಯ ಮಾತು. ದೀಪ ಬಿಟ್ಟಿದ್ದೀರಿ, ಆದರೆ ಜಡ್ಜನ್ನ ಬಿಟ್ಟಿಲ್ಲ. ನಂಬಿಕೆಯನ್ನ ಇನ್ನೂ ಜಾಸ್ತಿ ಮಾಡಿಕೊಂಡರೂ ಆ ಜಡ್ಜ್ ಅಲ್ಲೇ ಕೂತಿದ್ದರೆ ಏನು ಬಂತು? ಪರೀಕ್ಷೆ ಹತ್ತಿರ ಬಂದಾಗ ನನ್ನ ಹತ್ತಿರ ಬರೋ ಮಕ್ಕಳಲ್ಲಿ ಇದನ್ನ ಜಾಸ್ತಿ ನೋಡುತ್ತೇನೆ. ಮೂರು ಹರಕೆ ಹೊತ್ತಿರುತ್ತಾರೆ. ಮಾರ್ಕ್ಸ್ ಬರದಿದ್ದರೆ ಹರಕೆಯಲ್ಲಿ ಏನು ತಪ್ಪಾಯಿತು ಅಂತ ಹುಡುಕುತ್ತಾರೆ, ಯಾವ ಚಾಪ್ಟರ್ ಬಿಟ್ಟೆ ಅಂತ ಹುಡುಕಲ್ಲ. ನೀವು ಹಾಗಲ್ಲ ಬಿಡಿ, ಚಾಪ್ಟರ್ ಬಿಟ್ಟವರಲ್ಲ.

ಸಿಟ್ಟಿನ ಬಗ್ಗೆಯೂ ಹೇಳಬೇಕು. ದೇವರ ಮೇಲೆ ಸಿಟ್ಟು ಬಂದಿದೆ ಅಂತ ನೀವು ಬರೆದಿಲ್ಲ, ಆದರೆ ಸಾಲುಗಳ ನಡುವೆ ಇದೆ. ಅದಕ್ಕೆ ಹೆದರಬೇಡಿ. ನಾವು ಕೊಡಗಿನವರು. ದೇವರನ್ನ ಬಾಯಿಗೆ ಬಂದ ಹಾಗೆ ಬೈಯೋಕೆ ಒಂದು ದಿನವನ್ನೇ ಎತ್ತಿಟ್ಟ ಊರು ನಮ್ಮಲ್ಲಿದೆ. ಗೋಣಿಕೊಪ್ಪದ ಹತ್ತಿರ ದೇವರಪುರದಲ್ಲಿ ಮೇ ತಿಂಗಳ ಕೊನೆಗೆ ನಡೆಯೋ ಕುಂಡೆ ಹಬ್ಬ ನೋಡಿದ್ದೀರಾ? ಜೇನುಕುರುಬರು, ಎರವರು ಚಿತ್ರವಿಚಿತ್ರ ವೇಷ ಹಾಕಿಕೊಳ್ಳುತ್ತಾರೆ. ಗಂಡಸರು ಹೆಂಗಸರ ಬಟ್ಟೆ ಉಡುತ್ತಾರೆ. ಪ್ಲಾಸ್ಟಿಕ್ ಡಬ್ಬ ಬಡಿಯುತ್ತಾ ಬೀದಿಯಲ್ಲಿ ಹೋಗೋರನ್ನೂ ಬಿಡದೆ, ದೇವರನ್ನೂ ಬಿಡದೆ ಬೈಯುತ್ತಾರೆ, ಕಾಸು ಕೇಳುತ್ತಾರೆ. ಕಾರಣ? ಬೇಟೆಗೆ ಅಂತ ಇವರನ್ನ ಕಾಡಿಗೆ ಕರೆದುಕೊಂಡು ಹೋದ ಅಯ್ಯಪ್ಪ, ನಡುವೆ ಭದ್ರಕಾಳಿಯನ್ನ ಕಂಡು ಇವರನ್ನ ಅಲ್ಲೇ ಬಿಟ್ಟು ಅವಳ ಹಿಂದೆ ಹೋದನಂತೆ. ನಂಬಿ ಬಂದವರನ್ನ ನಡುಕಾಡಿನಲ್ಲಿ ಕೈಬಿಟ್ಟ ದೇವರು! ಅದಕ್ಕೇ ಬೈಗುಳ. ಬೈದು ಬೈದು ಕೊನೆಗೆ ಹೋಗುವುದು ಎಲ್ಲಿಗೆ? ಅದೇ ದೇವರ ಗುಡಿಗೆ. ಕೈ ಮುಗಿದು, ತಪ್ಪಾಯಿತು ಅಂದು ಮನೆಗೆ ಹೋಗುತ್ತಾರೆ. ಮರುವರ್ಷ ಮತ್ತೆ ಬಂದು ಬೈಯುತ್ತಾರೆ.

ಆ ಹಬ್ಬದ ಬೈಗುಳ ಕೇಳಿ ಮೂಗು ಮುರಿಯುವವರಿದ್ದಾರೆ. ನನಗೇನೋ ಅದರಲ್ಲಿ ದೊಡ್ಡ ತಿಳಿವಳಿಕೆ ಕಾಣುತ್ತೆ. ಸಿಟ್ಟನ್ನ ಒಳಗಿಟ್ಟುಕೊಂಡು, ಅದಕ್ಕಾಗಿ ತನ್ನನ್ನೇ ಪಾಪಿ ಅಂದುಕೊಳ್ಳುವ ಭಕ್ತರಿಗಿಂತ ಅವರ ಮನಸ್ಸು ಹಗುರವಾಗಿರಬೇಕು.

ಇನ್ನು ನ್ಯಾಯದ ಮಾತು. ಲೋಕದಲ್ಲಿ ನ್ಯಾಯ ಇದೆ ಅನ್ನೋ ನಂಬಿಕೆಯ ಅಧ್ಯಯನಕ್ಕೆ ಅಡಿಪಾಯ ಹಾಕಿದವರು ಮೆಲ್ವಿನ್ ಲರ್ನರ್ ಅನ್ನೋ ಮನಶ್ಶಾಸ್ತ್ರಜ್ಞರು. ಮಾನಸಿಕ ರೋಗಿಗಳನ್ನ ನೋಡಿಕೊಳ್ಳುವ ಒಳ್ಳೆಯ ಜನರೇ ರೋಗಿಗಳದ್ದೇ ತಪ್ಪು ಅನ್ನೋ ಹಾಗೆ ಮಾತಾಡುವುದು ಅವರ ಕಿವಿಗೆ ಬಿದ್ದಿತ್ತು. ಯಾಕೆ ಹೀಗೆ ಅಂತ ತಲೆ ಕೆಡಿಸಿಕೊಂಡರು. 1966ರಲ್ಲಿ ಕ್ಯಾರೊಲಿನ್ ಸಿಮನ್ಸ್ ಜೊತೆ ಸೇರಿ ಒಂದು ಪ್ರಯೋಗ ಮಾಡಿದರು. ಕಾಲೇಜು ಹುಡುಗಿಯರನ್ನ ಕೂರಿಸಿ, ಒಬ್ಬಳಿಗೆ ತಪ್ಪು ಉತ್ತರ ಕೊಟ್ಟಾಗಲೆಲ್ಲ ಕರೆಂಟ್ ಶಾಕ್ ಹೊಡೆಯುವುದನ್ನ ತೋರಿಸಿದರು. ಶಾಕ್ ನಿಜವಲ್ಲ, ನಾಟಕ. ನೋಡುವವರಿಗೆ ಅದು ಗೊತ್ತಿಲ್ಲ. ಆ ಹಿಂಸೆಯನ್ನ ನಿಲ್ಲಿಸುವ ಅವಕಾಶ ಸಿಕ್ಕವರು ಅವಳ ಬಗ್ಗೆ ಕೆಟ್ಟದಾಗಿ ಅಂದುಕೊಳ್ಳಲಿಲ್ಲ. ಏನೂ ಮಾಡೋಕಾಗದೆ ಸುಮ್ನೆ ನೋಡಬೇಕಾದವರು ಮಾತ್ರ ಅವಳನ್ನ ಕೀಳಾಗಿ ಕಂಡರು. ಇದೇ ಸಾಕಷ್ಟು ಬೇಜಾರಿನ ವಿಷಯ. ಇದಕ್ಕಿಂತ ಬೇಜಾರಿನದ್ದು ಇನ್ನೊಂದಿದೆ. ಬೇರೆಯವರಿಗೋಸ್ಕರ ಅವಳು ಈ ಹಿಂಸೆ ಒಪ್ಪಿಕೊಂಡಿದ್ದಾಳೆ ಅಂತ ಹೇಳಿದಾಗ ಅವಳನ್ನ ಎಲ್ಲಕ್ಕಿಂತ ಜಾಸ್ತಿ ಕೀಳಾಗಿ ಕಂಡರು!

ಲರ್ನರ್ ಹೇಳಿದ್ದು ಇಷ್ಟು. ಲೋಕದಲ್ಲಿ ಯಾರಿಗೆ ಏನು ಸಲ್ಲಬೇಕೋ ಅದೇ ಸಲ್ಲುತ್ತೆ ಅಂತ ನಂಬದೆ ಬದುಕೋದು ಜನರಿಗೆ ಕಷ್ಟ. ಕಣ್ಣೆದುರು ಒಳ್ಳೆಯವರಿಗೆ ಕೆಟ್ಟದ್ದಾದರೆ ಆ ನಂಬಿಕೆ ಅಲ್ಲಾಡುತ್ತೆ. ಕೈಲಾದರೆ ಸಹಾಯ ಮಾಡಿ ಸರಿ ಮಾಡುತ್ತಾರೆ. ಆಗದಿದ್ದರೆ ‘ಏನೋ ದೋಷ ಇರಬೇಕು’ ಅಂದು ನಂಬಿಕೆಯನ್ನ ಉಳಿಸಿಕೊಳ್ಳುತ್ತಾರೆ. ಕನ್ನಡದಲ್ಲಿ ಇದಕ್ಕೆ ‘ಮಾಡಿದ್ದುಣ್ಣೋ ಮಹಾರಾಯ’ ಅಂತ ಗಾದೆಯೇ ಇದೆ. ಪುಣ್ಯಕ್ಕೆ, ಅದಕ್ಕೆ ಉತ್ತರವಾಗಿ ‘ಪಾಪಿ ಚಿರಾಯು’ ಅನ್ನೋ ಇನ್ನೊಂದು ಗಾದೆಯೂ ನಮ್ಮವರ ಬಾಯಲ್ಲೇ ಇದೆ.

ನಿಮ್ಮ ಊರಿನವರು ಕೆಟ್ಟವರಾಗಿ ಆ ಮಾತು ಆಡಿರಲಿಕ್ಕಿಲ್ಲ. ಹೆದರಿ ಆಡಿದ್ದು. ಆ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದಲ್ಲಿ ಗುಡ್ಡ ಜರಿದ ಸುದ್ದಿ ಒಂದರ ಹಿಂದೆ ಒಂದು ಬರುತ್ತಿದ್ದಾಗ ನಮ್ಮ ಮನೆಯಲ್ಲೂ ರಾತ್ರಿ ಯಾರೂ ಮಲಗಲಿಲ್ಲ. ಪಕ್ಕದ ಮನೆ ಹೋಗಿದೆ, ನಮ್ಮದು ಉಳಿದಿದೆ. ಯಾಕೆ? ‘ಯಾಕೂ ಇಲ್ಲ, ಗುಡ್ಡ ಆ ಕಡೆ ಜರಿಯಿತು’ ಅಂದರೆ ನಾಳೆ ಈ ಕಡೆಯೂ ಜರಿಯಬಹುದು. ಅವರಲ್ಲಿ ದೋಷ ಇತ್ತು ಅಂದುಕೊಂಡರೆ ನಿದ್ದೆ ಬರುತ್ತೆ. ಅವರ ನಿದ್ದೆಗೆ ನೀವು, ಏಳನೇ ಕ್ಲಾಸಿನ ಹುಡುಗಿ, ಬೆಲೆ ತೆತ್ತಿರಿ.

ಆ ಮಾತಿನ ಪೊಳ್ಳುತನ ಕಾಣೋಕೆ ದೂರ ಹೋಗಬೇಕಿಲ್ಲ. ಎರಡೇ ವರ್ಷಕ್ಕೆ, 2020ರ ಆಗಸ್ಟ್‌ನಲ್ಲಿ, ತಲಕಾವೇರಿಯ ಬ್ರಹ್ಮಗಿರಿ ಜರಿದು ಅರ್ಚಕರ ಮನೆಯೇ ಮಣ್ಣಡಿ ಹೋಯಿತು. ದಿನಾ ಕಾವೇರಿಯನ್ನ ಪೂಜಿಸಿದ ಕುಟುಂಬ. ಅಲ್ಲಿ ಯಾವ ದೋಷ ಹುಡುಕುತ್ತೀರಿ? ಅದಿರಲಿ, ಕಾಫಿ ಗಿಡ ಹೂ ಬಿಡೋಕೆ ಬೇಕಾದ ಹೂಮಳೆ ನೋಡಿ. ಮಾರ್ಚ್‌ನಲ್ಲಿ ಒಂದು ತೋಟಕ್ಕೆ ಚೆನ್ನಾಗಿ ಬಿದ್ದು, ರಸ್ತೆ ಆಚೆಯ ತೋಟಕ್ಕೆ ನಾಲ್ಕು ಹನಿಯೂ ಬೀಳದೆ ಹೋಗುತ್ತೆ. ಆಚೆಯವನು ಪಾಪಿ ಅಂತ ಯಾವ ಬೆಳೆಗಾರನೂ ಅನ್ನಲ್ಲ. ಸ್ಪ್ರಿಂಕ್ಲರ್‌ಗೆ ನೀರಿದೆಯಾ ಅಂತ ಕೇಳುತ್ತಾನೆ. ಮಳೆಗೆ ನ್ಯಾಯ ಗೊತ್ತಿಲ್ಲ ಅನ್ನೋದು ನಮಗೆಲ್ಲ ಗೊತ್ತಿರೋದೇ. ಗುಡ್ಡ ಕುಸಿದಾಗ ಮಾತ್ರ ಮರೆತುಬಿಡುತ್ತೇವೆ. ತಪ್ಪು ಹುಡುಕಲೇಬೇಕಂದರೆ ರಸ್ತೆಗೆ, ಕಟ್ಟಡಕ್ಕೆ ಗುಡ್ಡ ಕಡಿದವರನ್ನ ಕೇಳಬೇಕು. ಗುಡ್ಡದ ಕೆಳಗೆ ಮಲಗಿದ್ದವರನ್ನಲ್ಲ.

ಹಾಗಾದರೆ ನ್ಯಾಯದ ನಂಬಿಕೆಯೇ ಕೆಟ್ಟದ್ದಾ? ಅಲ್ಲ. ಇಲ್ಲಿ ಒಂದು ಗಂಟು ಬಿಡಿಸಬೇಕು. ಜರ್ಮನಿಯ ಕ್ಲಾಡಿಯಾ ಡಾಲ್ಬರ್ಟ್ ಅನ್ನೋ ಸಂಶೋಧಕಿ ಅದನ್ನ ಬಿಡಿಸಿದರು. ‘ಲೋಕದಲ್ಲಿ ಎಲ್ಲರಿಗೂ ನ್ಯಾಯ ಸಿಗುತ್ತೆ’ ಅನ್ನೋದು ಒಂದು ನಂಬಿಕೆ. ‘ನನ್ನ ಬದುಕಿನಲ್ಲಿ, ನನ್ನ ಜೊತೆ, ಜನ ಹೆಚ್ಚಾಗಿ ನ್ಯಾಯವಾಗಿಯೇ ನಡೆದುಕೊಂಡಿದ್ದಾರೆ’ ಅನ್ನೋದು ಬೇರೆ ನಂಬಿಕೆ. 1999ರಲ್ಲಿ ಈ ಎರಡನೆಯದಕ್ಕೆ ಏಳು ವಾಕ್ಯಗಳ ಒಂದು ಅಳತೆಪಟ್ಟಿ ಮಾಡಿದರು. ನೆಮ್ಮದಿಯ ಜೊತೆ ಗಟ್ಟಿ ನಂಟಿರೋದು ಈ ಎರಡನೆಯದಕ್ಕೆ. ನೊಂದವರನ್ನ ದೂರುವ ಚಾಳಿ ಅಂಟಿಕೊಂಡಿರೋದು ಮೊದಲನೆಯದಕ್ಕೆ.

ಇದು ಜರ್ಮನಿಯವರ ಕಥೆ ಅಂದುಕೊಳ್ಳಬೇಡಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಷಣ್ಮುಖ ಕಾಂಬಳೆ ಇದೇ ಡಾಲ್ಬರ್ಟ್ ಜೊತೆ ಸೇರಿ ಭಾರತದ ಶಾಲೆಗಳಲ್ಲಿ ಮಕ್ಕಳನ್ನ, ಮೇಷ್ಟ್ರುಗಳನ್ನ ಕೇಳಿ ನೋಡಿದರು. 2012ರಲ್ಲಿ ಅದು ಪ್ರಕಟವಾಯಿತು. ನನಗೆ ನ್ಯಾಯ ಸಿಗುತ್ತೆ ಅನ್ನೋ ಭರವಸೆ ಇದ್ದವರು ಇಲ್ಲೂ ಶಾಲೆಯಲ್ಲಿ ಜಾಸ್ತಿ ನೆಮ್ಮದಿಯಾಗಿದ್ದರು.

ಯಾಕೆ ಹಾಗೆ ಅನ್ನೋದು ಸುಲಭ. ಓದು ಅಂದರೆ ಸಾಲ ಕೊಟ್ಟ ಹಾಗೆ. ಇವತ್ತು ನಿದ್ದೆ ಬಿಟ್ಟು ಕೊಡುತ್ತೀರಿ, ಆರು ತಿಂಗಳಾದ ಮೇಲೆ ವಾಪಸ್ ಬರುತ್ತೆ ಅಂತ. ವಾಪಸ್ ಬರಲ್ಲ ಅನ್ನಿಸಿದ ದಿನ ಯಾರು ಕೊಡುತ್ತಾರೆ? ನಿಮಗೆ ಓದೋಕೆ ಮನಸ್ಸಿಲ್ಲದಿರೋದು ಸೋಮಾರಿತನ ಅಲ್ಲ. ಕೊಟ್ಟವಳಿಗೆ ಮೋಸ ಆದ ಹಾಗೆ ಅನ್ನಿಸಿದೆ, ಅಷ್ಟೇ. ಭಕ್ತಿ ಇರೋ ಮಕ್ಕಳಲ್ಲಿ ಈ ಭರವಸೆಗೆ ದೇವರು ಜಾಮೀನು ನಿಂತಿರುತ್ತಾನೆ. ಶ್ರದ್ಧೆ, ನ್ಯಾಯದ ನಂಬಿಕೆ, ನೆಮ್ಮದಿ ಈ ಮೂರೂ ಒಂದೇ ಕಡೆ ಕಾಣಿಸಿಕೊಳ್ಳೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ. ಹಾಗೆ ಮೂರೂ ಜೊತೆಗಿದ್ದ ಮಾತ್ರಕ್ಕೆ ಯಾವುದರಿಂದ ಯಾವುದು ಅಂತ ಹೇಳೋಕಾಗಲ್ಲ. ಇಂಥ ಅಧ್ಯಯನಗಳಲ್ಲಿ ಬಹಳಷ್ಟು ಒಂದೇ ದಿನ ಪ್ರಶ್ನೆಪತ್ರಿಕೆ ಹಂಚಿ ತುಂಬಿಸಿಕೊಂಡವು. ನೆಮ್ಮದಿಯಾಗಿದ್ದವರಿಗೆ ಲೋಕವೇ ನ್ಯಾಯವಾಗಿ ಕಾಣಬಹುದು. ಮನೆಯಲ್ಲಿ ಅನ್ಯಾಯ ಕಾಣದೆ ಬೆಳೆದವರಿಗೆ ನೆಮ್ಮದಿಯೂ ನಂಬಿಕೆಯೂ ಜೊತೆಗೇ ಬಂದಿರಬಹುದು.

ಆದರೆ ಆ ಭರವಸೆ ಬೆಳೆಯೋದು ದೇವರ ಕೋಣೆಯಲ್ಲಿ ಮಾತ್ರ ಅಲ್ಲ. ನಾನು ಬೆಳೆದಿದ್ದು ಸಿದ್ದಾಪುರದ ಕಡೆ, ತೋಟದಲ್ಲಿ. ಹಣ್ಣು ಕುಯ್ಯುವ ಕಾಲದಲ್ಲಿ ಸಂಜೆ ತೂಕ ಹಾಕೋದನ್ನ ನೋಡೋಕೆ ಹೋಗಿ ನಿಲ್ಲುತ್ತಿದ್ದೆ. ದಿನವಿಡೀ ಕುಯ್ದವರು ಎಲೆ, ಹಸಿಕಾಯಿ ಆರಿಸಿ ತೆಗೆದು ಚೀಲ ಹೊತ್ತು ತರುತ್ತಾರೆ. ಚೀಲವನ್ನ ಕೊಕ್ಕೆಗೆ ಸಿಕ್ಕಿಸಿದ ಕೂಡಲೇ ಅಲ್ಲಿದ್ದವರ ಮಾತು ನಿಲ್ಲುತ್ತೆ. ಎಲ್ಲರ ಕಣ್ಣೂ ಆ ಮುಳ್ಳಿನ ಮೇಲೆ. ಒಬ್ಬ ರೈಟರ್ ಇದ್ದರು. ಮುಳ್ಳು ನಿಲ್ಲೋವರೆಗೆ ಕಾಯುತ್ತಿದ್ದರು. ಚೀಲದವಳನ್ನೇ ಹತ್ತಿರ ಕರೆದು ತೋರಿಸಿ, ‘ಅರವತ್ತೆರಡು’ ಅಂತ ಎಲ್ಲರಿಗೂ ಕೇಳಿಸುವ ಹಾಗೆ ಕೂಗಿ, ಆಮೇಲೆ ಬರೆದುಕೊಳ್ಳುತ್ತಿದ್ದರು. ಅವರ ತೂಕದ ಹೊತ್ತಲ್ಲಿ ಜಗಳ ಆದದ್ದು ನಾನು ನೋಡಿಲ್ಲ. ಕಮ್ಮಿ ಬಂದವಳೂ ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಿದ್ದಳೇ ಹೊರತು ಗೊಣಗುತ್ತಿರಲಿಲ್ಲ. ಅವರಾದ ಮೇಲೆ ಬಂದವರು ತಕ್ಕಡಿಗೆ ಬೆನ್ನು ಅಡ್ಡ ಕೊಟ್ಟು ನಿಂತು ತಾವೇ ನೋಡಿ ತಾವೇ ಬರೆಯುತ್ತಿದ್ದರು. ತೂಕ ಸರಿಯಾಗಿಯೇ ಹಾಕುತ್ತಿದ್ದರೇನೋ. ಆದರೂ ದಿನಾ ಜಗಳ.

ನಿಮ್ಮ ಅಪ್ಪ ರೈಟರ್. ನಾನು ಹೇಳುತ್ತಿರೋದು ನಿಮಗಿಂತ ಅವರಿಗೆ ಬೇಗ ಅರ್ಥವಾಗುತ್ತೆ. ಮನಶ್ಶಾಸ್ತ್ರದವರು ಇದನ್ನ ವಿಧಾನದ ನ್ಯಾಯ ಅನ್ನುತ್ತಾರೆ. ಜಾನ್ ಥಿಬೋ, ಲಾರೆನ್ಸ್ ವಾಕರ್ ಅನ್ನೋ ಇಬ್ಬರು 1970ರ ದಶಕದಲ್ಲೇ ಕೋರ್ಟಿನ ಜಗಳಗಳನ್ನ ಇಟ್ಟುಕೊಂಡು ತೋರಿಸಿದರು. ತೀರ್ಪು ನಮ್ಮ ಕಡೆ ಬಂತಾ ಇಲ್ಲವಾ ಅನ್ನೋದಷ್ಟೇ ಜನರಿಗೆ ಮುಖ್ಯ ಅಲ್ಲ. ನಮ್ಮ ಮಾತು ಕೇಳಿದರಾ, ಹೇಗೆ ತೀರ್ಮಾನ ಮಾಡಿದರು ಅನ್ನೋದೂ ಅಷ್ಟೇ ಮುಖ್ಯ. ನಿಮ್ಮನ್ನ ಕುಗ್ಗಿಸಿದ್ದು 11 ಅನ್ನೋ ಅಂಕ ಅಂತ ನನಗನ್ನಿಸಲ್ಲ. ‘ಅಷ್ಟೇ ಬಂದಿರೋದು’ ಅನ್ನೋ ಮಾತು. ಲೆಕ್ಚರರ್ ತಕ್ಕಡಿಗೆ ಬೆನ್ನು ಕೊಟ್ಟು ನಿಂತರು.

ಆದ್ದರಿಂದ ಮಾಡಬೇಕಾದ ಕೆಲಸ ಇದು. ಹೋಗಿ ಉತ್ತರ ಪತ್ರಿಕೆ ನೋಡೋಕೆ ಕೇಳಿ. ಅವಳಿಗೆ 17 ಯಾಕೆ ಅಂತ ಕೇಳಬೇಡಿ, ಅಲ್ಲಿಂದ ಮಾತು ಹಾಳಾಗುತ್ತೆ. ‘ಸರ್, ನನ್ನ ಪೇಪರ್ ಒಂದ್ಸಲ ತೋರಿಸ್ತೀರಾ? ಎಲ್ಲಿ ಮಾರ್ಕ್ಸ್ ಹೋಗಿದೆ ಗೊತ್ತಾದರೆ ಸೆಮಿಸ್ಟರ್‌ಗೆ ಸರಿ ಮಾಡ್ಕೋತೀನಿ’ ಅನ್ನಿ. ನಿಜವಾಗಿ 11ಕ್ಕೇ ಬರೆದಿದ್ದೀರಿ ಅಂತ ಗೊತ್ತಾಗಬಹುದು. ಅದಕ್ಕೂ ತಯಾರಿರಿ. ನೋಟ್ಸ್ ನಿಮ್ಮದಾದ ಮಾತ್ರಕ್ಕೆ ಉತ್ತರವೂ ನಿಮ್ಮದೇ ಚೆನ್ನಾಗಿರಬೇಕು ಅಂತಿಲ್ಲ. ಕೂಡುವುದರಲ್ಲಿ ತಪ್ಪಾಗಿರಬಹುದು, ಒಂದು ಪುಟ ತಿದ್ದದೆ ಬಿಟ್ಟಿರಬಹುದು. ತೋರಿಸಲ್ಲ ಅಂದರೆ ವಿಭಾಗದ ಮುಖ್ಯಸ್ಥರಿದ್ದಾರೆ, ಪ್ರಿನ್ಸಿಪಾಲ್ ಇದ್ದಾರೆ. ಬರವಣಿಗೆಯಲ್ಲೇ ಕೊಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮದ ಪ್ರಕಾರ ಪ್ರತಿ ಕಾಲೇಜಿನಲ್ಲೂ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಕೇಳೋಕೆ ವಿಶ್ವವಿದ್ಯಾಲಯ ನೇಮಿಸಿದ ಓಂಬುಡ್ಸ್‌ಪರ್ಸನ್ ಹತ್ತಿರ ಹೋಗಬಹುದು. ಸುಮ್ನೆ ಮಾರ್ಕ್ಸ್ ಜಾಸ್ತಿ ಮಾಡಿ ಅಂದರೆ ಅವರು ತೆಗೆದುಕೊಳ್ಳಲ್ಲ. ಇಂಥದ್ದೇ ಲೋಪ ಆಗಿದೆ, ಭೇದ ಮಾಡಿದ್ದಾರೆ ಅಂತ ತೋರಿಸಬೇಕು. ನಿಮ್ಮ ವಿಷಯ ಅಷ್ಟು ದೂರ ಹೋಗಲಿಕ್ಕಿಲ್ಲ. ಪೇಪರ್ ಕೇಳಿದ್ದಕ್ಕೇ ಮುಗಿಯಬಹುದು.

ಕೇಳಿದರೆ ಸಿಕ್ಕೇ ಸಿಗುತ್ತೆ ಅಂತ ನಾನು ಹೇಳುತ್ತಿಲ್ಲ. ಆದರೆ ಲರ್ನರ್ ಪ್ರಯೋಗ ನೆನಪಿದೆಯಲ್ಲ, ಏನಾದರೂ ಮಾಡೋಕೆ ಅವಕಾಶ ಇದ್ದವರ ಮನಸ್ಸು ಕೆಡಲಿಲ್ಲ. ಕೈಕಟ್ಟಿ ಕೂತವರದ್ದು ಕೆಟ್ಟಿತು. ಆ ಹುಡುಗಿಯರು ಬೇರೆಯವಳನ್ನ ಕೀಳಾಗಿ ಕಂಡರು. ನೀವು ಕೈಕಟ್ಟಿ ಕೂತು ನಿಮ್ಮನ್ನೇ ಕೀಳಾಗಿ ಕಾಣುತ್ತಿದ್ದೀರಿ.

ರೂಮ್‌ಮೇಟ್ ವಿಷಯ ಚಿಕ್ಕದು. ಮನಶ್ಶಾಸ್ತ್ರಜ್ಞ ಎಡ್ ಡೀನರ್ ಮತ್ತು ಜೊತೆಗಾರರು 2011ರಲ್ಲಿ ಬೇರೆ ಬೇರೆ ದೇಶಗಳನ್ನ ಹೋಲಿಸಿ ನೋಡಿದಾಗ, ಹಸಿವು, ಅಭದ್ರತೆ ಜಾಸ್ತಿ ಇರೋ ಕಡೆ ನಂಬುವವರು ಜಾಸ್ತಿ ನೆಮ್ಮದಿಯಾಗಿದ್ದರು. ಬದುಕು ಸಲೀಸಾಗಿರೋ ದೇಶಗಳಲ್ಲಿ ನಂಬುವವರಿಗೂ ನಂಬದವರಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಅವಳಿಗೆ ದೇವರಿಲ್ಲದೆಯೂ ನಡೆಯುತ್ತಿದೆ ಅಂದರೆ ಬೇರೆ ಏನೋ ಹಿಡಿದಿದೆ. ಇಲ್ಲವೇ ಹಿಡಿದಿಲ್ಲ, ನಿಮಗೆ ತೋರಿಸುತ್ತಿಲ್ಲ. ಹಾಸ್ಟೆಲ್ ರೂಮಿನಲ್ಲಿ ಎಲ್ಲರೂ ಆರಾಮಾಗಿಯೇ ಕಾಣುತ್ತಾರೆ. ಅವಳ ಕಣ್ಣಿಗೆ ನೀವೂ ಹಾಗೇ ಕಾಣುತ್ತಿರಬಹುದು. ಒಂದು ಸಂಜೆ ಇಬ್ಬರೂ ರಾಜಾಸೀಟ್ ಕಡೆ ನಡೆದು ಹೋಗಿ, ಈ ಕಥೆ ಅವಳಿಗೂ ಹೇಳಿ.

ಒಂದು ವಿಷಯದಲ್ಲಿ ಮಾತ್ರ ಖಡಕ್ಕಾಗಿ ಹೇಳುತ್ತೇನೆ. ಓದೋಕೆ ಮನಸ್ಸಿಲ್ಲ ಅಂದಿರಿ. ನಿದ್ದೆ, ಊಟದ ಬಗ್ಗೆ ಬರೆದಿಲ್ಲ. ಎರಡು ವಾರಕ್ಕೂ ಜಾಸ್ತಿ ದಿನ ಬೇಸರ ಬಿಡದೆ ಇದ್ದರೆ, ನಿದ್ದೆ ಕೆಟ್ಟಿದ್ದರೆ, ಬದುಕೋದೇ ಬೇಡ ಅನ್ನೋ ಯೋಚನೆ ಒಂದೇ ಒಂದು ಸಲ ಸುಳಿದಿದ್ದರೂ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ, ನಡುರಾತ್ರಿಯಾದರೂ ಸರಿ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನ ಕಾಣಬಹುದು. ಭಕ್ತಿ ಇದ್ದವರಿಗೆ ಡಿಪ್ರೆಶನ್ ಬರಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. ಮಲೇರಿಯಾಕ್ಕೆ ಗುಳಿಗೆ ನುಂಗುವಾಗ ಯಾರೂ ದೇವರನ್ನ ಕೇಳಲ್ಲ, ಇದಕ್ಕೂ ಕೇಳಬೇಕಿಲ್ಲ.

ಇನ್ನು ತಲಕಾವೇರಿ. ಈ ಮನಸ್ಸಿಟ್ಟುಕೊಂಡು ಹೋದರೆ ತಪ್ಪಾ ಅಂತ ಕೇಳಿದ್ದೀರಿ. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನದ ಕಥೆ ನಿಮಗೆ ಗೊತ್ತೇ ಇರುತ್ತೆ. ಕೊಡಗನ್ನ ಆಳುತ್ತಿದ್ದ ಲಿಂಗರಾಜ ಒಬ್ಬ ಬ್ರಾಹ್ಮಣನನ್ನ ಕೊಲ್ಲಿಸಿ, ಅವನು ಬ್ರಹ್ಮರಾಕ್ಷಸನಾಗಿ ಕಾಡಿದ ಮೇಲೆ 1820ರಲ್ಲಿ ಅದನ್ನ ಕಟ್ಟಿಸಿದ ಅಂತ ಪ್ರತೀತಿ. ಅಂಥ ಮನಸ್ಸಿಟ್ಟುಕೊಂಡವನು ಗುಡಿ ಕಟ್ಟಿಸಬಹುದಾದರೆ, ನೀವು ಸಿಟ್ಟಿಟ್ಟುಕೊಂಡು ಒಂದು ಸಲ ಹೋಗಿ ಬರಬಾರದಾ? ಹೋಗಲೇಬೇಕು ಅಂತಲೂ ಇಲ್ಲ. ‘ಅಜ್ಜಿ, ಈ ಸಲ ನನಗೆ ಮನಸ್ಸಿಲ್ಲ’ ಅಂದರೆ ಅಜ್ಜಿಗೆ ಬೇಸರವಾಗಬಹುದು. ಮನೆ ಕಳೆದುಕೊಂಡೂ ತೀರ್ಥದ ಬಾಟಲಿ ಕಳೆಯದೆ ಇಟ್ಟುಕೊಂಡ ತಲೆಮಾರು ಅದು, ಇಷ್ಟಕ್ಕೆಲ್ಲ ಕುಗ್ಗಲ್ಲ.

ನನ್ನನ್ನ ಕೇಳಿದರೆ ಹೋಗಿ ಬನ್ನಿ. ದೇವರಿಗೋಸ್ಕರ ಬೇಡ, ಅಜ್ಜಿಗೋಸ್ಕರ. ಆ ದಿನ ನೂಕುನುಗ್ಗಲು ಜಾಸ್ತಿ, ತೀರ್ಥ ಉಕ್ಕೋ ಕುಂಡಿಕೆ ಹತ್ತಿರ ಹೋಗೋಕೆ ಅವರಿಗೆ ಕೈ ಹಿಡಿಯುವವರು ಬೇಕು. ಮೇಲೆ ಗಾಳಿ ಜೋರು, ಮೋಡ ಬಂದರೆ ಪಕ್ಕದವರೂ ಕಾಣಲ್ಲ. ಸ್ವೆಟರ್ ಹಾಕಿಕೊಳ್ಳಿ, ಕೊಡೆ ಮರೆಯಬೇಡಿ. ಬಸ್ಸಿನಲ್ಲಿ ವಾಪಸ್ ಬರುವಾಗ 20ಕ್ಕೆ 11 ಬಂದಿದ್ದನ್ನ ಅಜ್ಜಿಗೆ ಹೇಳಿ. ಇನ್ನೂ ಹೇಳಿಲ್ಲ ಅಲ್ವಾ?